ಕ್ಲೀಟ್ ಪೆಡಲಿಗೆ ಚಪ್ಪಲಿ ಕಾಲು

ಈ ತಿಂಗಳು ಸೈಕಲ್ ಪುಟಕ್ಕೆ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಕಥೆ ಹೇಳುತ್ತವೆ. ಸೈಕಲ್ ಬಂತು, ಅದರ ಜೊತೆಗೆ ಶೂ ಕಚ್ಚುವ ಪೆಡಲ್ ಬಂತು, ಕಾಲಿನಲ್ಲಿ ಮಾತ್ರ ಮಾಮೂಲಿ ಚಪ್ಪಲಿ. ಅದಕ್ಕೇ ಗೇರು, ಬ್ರೇಕಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇಡೀ ಪುಟವನ್ನು ಪೆಡಲಿಗೇ ಬಿಟ್ಟಿದ್ದೇನೆ. ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವನಿಗೆ ಡ್ರಿಲ್ಲು, ಟ್ಯಾಪು, ಅರದ ಬಗ್ಗೆ ಬರೆಯಿರಿ ಅಂದರೆ ಬೇಡ ಅನ್ನುತ್ತಾನಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಒಳ್ಳೆಯ ಸೈಕಲ್ ಸಿಕ್ಕಿತು. ಪೆಡಲ್ ಶಿಮಾನೋ ಎಸ್‌ಪಿಡಿ. ಮಾರಿದವರು ಅದರ ಶೂನೂ ಕೊಟ್ಟರು, ನನ್ನ ಅಳತೆಗೆ ಸರಿಯಾಗಿದೆ. ಭಾನುವಾರ ಅದನ್ನು ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತೇನೆ. ಆದರೆ ಬೆಳಿಗ್ಗೆ ಹಾಲು ತರಲು ಚಪ್ಪಲಿಯೇ ಗತಿ. ಸಂಜೆ ಮಗಳೂ ಓಡಿಸುತ್ತಾಳೆ. ಅಷ್ಟು ಸಣ್ಣ ಪೆಡಲಿನ ಮೇಲೆ ಕಾಲು ನಿಲ್ಲುವುದೇ ಇಲ್ಲ. ಪ್ಲೈವುಡ್ ತುಂಡಿಗೆ ಕ್ಲೀಟ್ ಬಿಗಿದು, ಅದನ್ನು ಪೆಡಲಿಗೆ ಕಚ್ಚಿಸಿ, ಮೇಲೆ ಕಾಲಿಡಬಹುದು ಎಂದು ಸ್ನೇಹಿತರೊಬ್ಬರು ಹೇಳಿದರು. ನಿಜಾನಾ ಸರ್? (ಕುವೆಂಪುನಗರ, ಮೈಸೂರು)

ಉತ್ತರ: ನಿಜ. ಹಾಲಿನ ಅಂಗಡಿಗೆ ಆಗುತ್ತದೆ. ಬೆಟ್ಟಕ್ಕೆ ಬೇಡ.

ಈ ಪೆಡಲ್ ನೋಡಿರದವರಿಗೆ ಮೊದಲು ಎರಡು ಮಾತು. ಇದಕ್ಕೆ ಕ್ಲಿಪ್‌ಲೆಸ್ ಪೆಡಲ್ ಅನ್ನುತ್ತಾರೆ. ಶೂ ಅಡಿಗೆ ಕ್ಲೀಟ್ ಅನ್ನುವ ಸಣ್ಣ ತುಂಡೊಂದನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ತುಳಿದರೆ ಪೆಡಲಿನ ಸ್ಪ್ರಿಂಗು ಅದನ್ನು ಟಕ್ ಅಂತ ಹಿಡಿದುಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಫ್ರಾನ್ಸಿನ ಲುಕ್ ಕಂಪನಿ ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟು ಕಚ್ಚಿಸುವ ಸಾಮಾನು ಮಾಡುತ್ತಿತ್ತು. ಅದೇ ಉಪಾಯವನ್ನು 1984ರಲ್ಲಿ ಸೈಕಲ್ಲಿಗೆ ತಂದಿತು. ಮರುವರ್ಷವೇ ಸವಾರ ಬರ್ನಾರ್ ಇನೋ ಆ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ರೇಸ್ ಗೆದ್ದರು. ನಿಮ್ಮ ಎಸ್‌ಪಿಡಿಯನ್ನು ಜಪಾನಿನ ಶಿಮಾನೋ ಕಂಪನಿ ತಂದದ್ದು 1990ರಲ್ಲಿ. ಇದರ ಕ್ಲೀಟ್ ಉಕ್ಕಿನದು, ಸಣ್ಣದು, ಎರಡೇ ಬೋಲ್ಟು. ಮನೆಯಲ್ಲಿ ಹಲಗೆ ಮಾಡಿಕೊಳ್ಳುವವರಿಗೆ ಇದೇ ಸುಲಭದ ಪೆಡಲು.

ಪ್ಲೈವುಡ್ ಮಾತ್ರ ನನಗೆ ಒಪ್ಪಿಗೆಯಿಲ್ಲ. 12 ಎಂಎಂ ಪ್ಲೈ ಗಟ್ಟಿಯಾಗೇನೋ ಇರುತ್ತದೆ. ಆದರೆ ಕ್ಲೀಟಿನ ಜೊತೆ ಬರುವ ಬೋಲ್ಟು ಅಷ್ಟು ದಪ್ಪಕ್ಕೆ ಸಾಲುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಉದ್ದದ ಅಲನ್ ಬೋಲ್ಟು ತಂದರೆ ಅದರ ತಲೆ ಎತ್ತರ, ಪೆಡಲಿನ ಬಾಯಿಗೆ ಅಡ್ಡ ಬರುತ್ತದೆ. ಒಂದು ಮಳೆಗಾಲ ಕಳೆದರೆ ಮುಗಿಯಿತು. ನೀರು ಕುಡಿದ ಪ್ಲೈ ಉಬ್ಬುತ್ತದೆ, ಒಣಗಿದಾಗ ಬೋಲ್ಟು ಸಡಿಲ. ಅಡುಗೆಮನೆಯ ಪ್ಲಾಸ್ಟಿಕ್ ಕಟಿಂಗ್ ಬೋರ್ಡನ್ನು ಕೊಯ್ದು ಮಾಡುವವರೂ ಇದ್ದಾರೆ. ಅದು ನೀರಿಗೆ ಹೆದರುವುದಿಲ್ಲ, ಆದರೆ ಜೋರಾಗಿ ತುಳಿದರೆ ಬಾಗುತ್ತದೆ, ಒದ್ದೆ ಚಪ್ಪಲಿಗೆ ಜಾರುತ್ತದೆ. ಮನೆಯಲ್ಲಿ ಬೈಗುಳ ಬೇರೆ.

6 ಎಂಎಂ ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಹುಡುಕಿ. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಒಂದೊಂದು ಕಾಲಿಗೆ 100 ಎಂಎಂ ಉದ್ದ, 85 ಎಂಎಂ ಅಗಲ ಸಾಕು. ಕೊಯ್ಯುವ ಮುಂಚೆ ಪೆಡಲಿನ ನಡುವಿನಿಂದ ಕ್ರ್ಯಾಂಕಿನವರೆಗೆ, ಅಂದರೆ ಪೆಡಲ್ ಕೂರುವ ತೋಳಿನವರೆಗೆ, ಸ್ಕೇಲ್ ಇಟ್ಟು ಅಳೆಯಿರಿ. ಪ್ಲೇಟಿನ ಒಳ ಅಂಚಿಗೂ ಕ್ರ್ಯಾಂಕಿಗೂ ನಡುವೆ 5 ಎಂಎಂ ಆದರೂ ಜಾಗ ಇರಬೇಕು. ಪ್ಲೇಟ್ ಸ್ವಲ್ಪ ಓಲಾಡುತ್ತದೆ, ಜಾಗ ಇಲ್ಲದಿದ್ದರೆ ಪ್ರತಿ ಸುತ್ತಿಗೂ ಕ್ರ್ಯಾಂಕನ್ನು ಕೆರೆಯುತ್ತದೆ. ಒಳಗೆ ಜಾಗ ಇಲ್ಲ ಅಂತ ಹೊರಕ್ಕೆ ಉದ್ದ ಬಿಡಬೇಡಿ. ತಿರುವಿನಲ್ಲಿ ಸೈಕಲ್ ವಾಲಿದಾಗ ಆ ಹೊರ ಅಂಚೇ ಮೊದಲು ನೆಲ ಮುಟ್ಟುವುದು. ನಾಲ್ಕೂ ಮೂಲೆಯನ್ನು ಅರದಲ್ಲಿ ಉಜ್ಜಿ ದುಂಡಗೆ ಮಾಡಿ. ಅಂಚುಗಳನ್ನೂ ಸವರಿ. ಮೊಣಕಾಲಿನ ಕೆಳಗಿನ ಮೂಳೆಗೆ ಅಲ್ಯೂಮಿನಿಯಂ ಮೂಲೆ ತಗುಲಿದರೆ ಆ ನೋವು ಬರೆದು ತಿಳಿಸುವಂಥದ್ದಲ್ಲ.

ಈಗ ತೂತು. ಕ್ಲೀಟನ್ನು ಪ್ಲೇಟಿನ ಅಡಿಯಲ್ಲಿ ನಟ್ಟನಡುವೆ ಇಡಿ. ಮೊನಚು ತುದಿ ಮುಂದಕ್ಕಿರಲಿ. ಕ್ಲೀಟಿನ ಮೇಲೆ ಕೂರುವ ಉದ್ದ ವಾಷರನ್ನೇ ಅಚ್ಚಾಗಿಟ್ಟು ಎರಡು ತೂತಿಗೆ ಗುರುತು ಹಾಕಿ, ಸೆಂಟರ್ ಪಂಚ್ ಹೊಡೆಯಿರಿ. ಬೋಲ್ಟು ಎಂ5, ಅಂದರೆ 5 ಎಂಎಂ ದಪ್ಪ. ಹಾಗಾಗಿ 4.2 ಎಂಎಂ ಡ್ರಿಲ್ ಬಿಟ್ಟಿನಲ್ಲಿ ಕೊರೆದು, ಎಂ5 ಟ್ಯಾಪಿನಲ್ಲಿ ಮರೆ, ಅಂದರೆ ಬೋಲ್ಟು ಹತ್ತುವ ಥ್ರೆಡ್ಡು, ಎಳೆಯಿರಿ. ಅಲ್ಯೂಮಿನಿಯಂ ಟ್ಯಾಪಿಗೆ ಅಂಟಿಕೊಳ್ಳುವ ಲೋಹ. ಒಂದು ಹನಿ ಸೀಮೆಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಮಾಡುತ್ತಾ ಹೋಗಿ. ಅವಸರ ಮಾಡಿದರೆ ಟ್ಯಾಪು ಒಳಗೇ ಮುರಿಯುತ್ತದೆ. ಟ್ಯಾಪ್ ಸೆಟ್ ಇಲ್ಲದವರು ಹತ್ತಿರದ ಲೇತ್ ಅಂಗಡಿಗೆ ಪ್ಲೇಟ್ ಒಯ್ದರೆ ಟೀ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತಾರೆ. ಬೋಲ್ಟನ್ನು 4 ಎಂಎಂ ಅಲನ್ ಕೀಯಲ್ಲಿ ಬಿಗಿಯಿರಿ. ಶೂ ಮೇಲಾದರೆ ಶಿಮಾನೋ ಹೇಳುವ ಬಿಗಿತ 5ರಿಂದ 6 ನ್ಯೂಟನ್ ಮೀಟರ್. ಅಂದರೆ ಸಣ್ಣ ಕೀ ಹಿಡಿದು ಮಣಿಕಟ್ಟಿನ ಬಲ ಹಾಕಿದಷ್ಟು, ಪೈಪ್ ತೂರಿಸಿ ಎಳೆಯುವಷ್ಟಲ್ಲ. ಮೇಲೆ ಬೋಲ್ಟಿನ ತುದಿ ಇಣುಕಿದರೆ ಅರದಿಂದ ಸಮ ಮಾಡಿ, ಇಲ್ಲದಿದ್ದರೆ ಚಪ್ಪಲಿಯ ಅಟ್ಟೆಗೆ ತೂತು ಬೀಳುತ್ತದೆ.

ಕ್ಲೀಟ್ ಕೊಳ್ಳುವಾಗ ಒಂದು ವಿಷಯ. ಶಿಮಾನೋದಲ್ಲಿ ಎಸ್‌ಎಚ್51 ಮತ್ತು ಎಸ್‌ಎಚ್56 ಅಂತ ಎರಡು ಬಗೆ ಬರುತ್ತದೆ. 56 ಹೊಸಬರಿಗಾಗಿ ಮಾಡಿದ್ದು, ಯಾವ ಕಡೆ ಎಳೆದರೂ ಬಿಡುವ ಸ್ವಭಾವ. ಶೂಗೆ ಅದು ಗುಣ, ಹಲಗೆಗೆ ಅದೇ ದೋಷ. ನಿಮಗೆ ಬೇಕಾದದ್ದು ಕಪ್ಪು ಬಣ್ಣದ 51.

ಪ್ಲೇಟಿನ ಮೇಲೆ ಹಿಡಿತ ಬೇಕು. ಸ್ಕೇಟ್‌ಬೋರ್ಡಿಗೆ ಅಂಟಿಸುವ ಮರಳುಕಾಗದದಂಥ ಟೇಪ್ ಸಿಗುತ್ತದೆ, ಅದನ್ನು ಅಂಟಿಸಿ. ತಲೆಯಿಲ್ಲದ ಸಣ್ಣ ಗ್ರಬ್ ಸ್ಕ್ರೂಗಳನ್ನು ಮುಳ್ಳಿನಂತೆ ನಿಲ್ಲಿಸುವುದೂ ಉಂಟು. ಹವಾಯಿ ಚಪ್ಪಲಿಗೂ ಮಗಳ ಕಾಲಿಗೂ ಟೇಪೇ ವಾಸಿ.

ಇನ್ನು ಸ್ಪ್ರಿಂಗು. ನಿಮ್ಮ ಕಾಲು ಹಲಗೆಯ ಮೇಲೆ ಸುಮ್ನೆ ಕೂತಿದೆ, ಆದರೆ ನೀವು ತುಳಿಯುವಾಗ ಪಾದ ಸ್ವಲ್ಪ ತಿರುಚುತ್ತದೆ, ಅದು ಹಲಗೆಯನ್ನೂ ತಿರುಚುತ್ತದೆ. ಸ್ಪ್ರಿಂಗು ಸಡಿಲವಿದ್ದರೆ ಹಲಗೆ ಟಕ್ ಅಂತ ಬಿಟ್ಟು ರಸ್ತೆಗೆ ಬೀಳುತ್ತದೆ. ಪೆಡಲಿನ ಹಿಂಬದಿಯಲ್ಲಿ 3 ಎಂಎಂ ಅಲನ್ ಕೀ ಹಿಡಿಯುವ ಸ್ಕ್ರೂ ಇದೆ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿ. ಪ್ರತಿ ಹಂತಕ್ಕೂ ಕ್ಲಿಕ್ ಅನ್ನುತ್ತದೆ, ಎಣಿಸಿಕೊಳ್ಳಿ. ಭಾನುವಾರ ಶೂ ಹಾಕುವ ಮುಂಚೆ ಅಷ್ಟೇ ಕ್ಲಿಕ್ ವಾಪಸ್ ಬಿಚ್ಚಬೇಕು. ಈ ಸಾಲನ್ನು ಮಾತ್ರ ಮರೆಯಬೇಡಿ. ಬಿಗಿದ ಸ್ಪ್ರಿಂಗಿನಲ್ಲಿ ಶೂ ಸಿಕ್ಕಿಸಿಕೊಂಡು ಸಿಗ್ನಲ್‌ನಲ್ಲಿ ನಿಂತರೆ, ಹಿಮ್ಮಡಿ ತಿರುಗಿಸಿದರೂ ಬಿಡದೆ ಸೈಕಲ್ ಸಮೇತ ಮಗ್ಗುಲಾಗುತ್ತೀರಿ. ಪಕ್ಕದಲ್ಲಿ ಬಸ್ಸಿದ್ದರೆ ಅದು ತಮಾಷೆಯ ಮಾತಲ್ಲ. ಒಂದು ಮಗ್ಗುಲನ್ನು ಹಲಗೆಗೆ ಬಿಗಿ ಮಾಡಿ, ಇನ್ನೊಂದನ್ನು ಶೂಗೆ ಸಡಿಲ ಬಿಡೋಣ ಅಂತ ನಿಮಗೆ ಹೊಳೆಯಬಹುದು. ಎಸ್‌ಪಿಡಿ ಎರಡೂ ಮಗ್ಗುಲಲ್ಲಿ ಕಚ್ಚುತ್ತದೆ, ಶೂ ಯಾವ ಮಗ್ಗುಲನ್ನು ಹಿಡಿಯಿತು ಅಂತ ಓಡಿಸುವಾಗ ಗೊತ್ತಾಗುವುದಿಲ್ಲ. ಬೇಡ.

ಇಷ್ಟು ಮಾಡಿದ ಮೇಲೂ ಕಿರಿಕಿರಿ ಇದ್ದೇ ಇದೆ. ಹಲಗೆಯ ತೂಕ ಮೇಲ್ಗಡೆ ಇರುವುದರಿಂದ ಕಾಲು ತೆಗೆದ ಕೂಡಲೇ ಪೆಡಲ್ ಮಗುಚಿ ಹಲಗೆ ಕೆಳಗಾಗುತ್ತದೆ. ಪ್ರತಿ ಸಲ ಹೊರಡುವಾಗ ಕಾಲ್ಬೆರಳಿನ ತುದಿಯಿಂದ ಅದನ್ನು ತಿರುವಿ ಕಾಲಿಡಬೇಕು. ಪಾದ ಪೆಡಲಿನ ಅಚ್ಚಿನಿಂದ (ಆಕ್ಸಲ್‌ನಿಂದ) ಮೇಲಕ್ಕೆ ಹೋಗುವುದರಿಂದ ಸೀಟನ್ನೂ ಅಷ್ಟೇ ಎತ್ತರಿಸಬೇಕಾದೀತು. ಮಗಳಿಗೆ ಒಂದು ಮಾತು ಹೇಳಿ: ಸೀಟಿನಿಂದ ಎದ್ದು ನಿಂತು ತುಳಿಯಬಾರದು. ಎದ್ದು ನಿಂತಾಗ ಸೈಕಲ್ ಆ ಕಡೆ ಈ ಕಡೆ ವಾಲುತ್ತದೆ, ಪಾದ ತಿರುಚುತ್ತದೆ, ಇಡೀ ಮೈಭಾರ ಒಂದೇ ಹಲಗೆಯ ಮೇಲಿರುತ್ತದೆ. ಅದು ಬಿಡುವುದು ಆಗಲೇ. ನಾನು ಬೆಟ್ಟಕ್ಕೆ ಬೇಡ ಅಂದದ್ದೂ ಇದಕ್ಕೇ. ಹತ್ತುವಾಗ ಎದ್ದು ನಿಲ್ಲುತ್ತೀರಿ, ಇಳಿಯುವಾಗ ಎರಡೂ ಪೆಡಲನ್ನು ಸಮ ಮಾಡಿ ಅದರ ಮೇಲೆ ಭಾರ ಬಿಡುತ್ತೀರಿ.

ಕೈಕೆಲಸ ಬೇಡ ಅನ್ನುವವರಿಗೆ ಶಿಮಾನೋದವರೇ ಎಸ್‌ಎಂ-ಪಿಡಿ22 ಅಂತ ಪ್ಲಾಸ್ಟಿಕ್ ಹಲಗೆ ಮಾಡಿದ್ದಾರೆ, ಎಸ್‌ಪಿಡಿಗೆ ನೇರ ಕಚ್ಚುತ್ತದೆ, ರಿಫ್ಲೆಕ್ಟರ್ ಕೂಡ ಇದೆ. ಮಗುಚುವ ಚಾಳಿ ಅದಕ್ಕೂ ಇದೆ. ನನ್ನನ್ನೇ ಕೇಳಿದರೆ, ಮನೆಯಲ್ಲಿ ಇಬ್ಬರು ಒಂದೇ ಸೈಕಲ್ ಓಡಿಸುವಾಗ ಒಂದು ಮಗ್ಗುಲು ಎಸ್‌ಪಿಡಿ, ಇನ್ನೊಂದು ಮಗ್ಗುಲು ಚಪ್ಪಟೆ ಇರುವ ಪೆಡಲನ್ನೇ ಕೊಂಡುಬಿಡಿ. ಪಿಡಿ-ಇಎಚ್500, ಎಂ324 ಆ ಜಾತಿಯವು. ಈಗಿರುವ ಪೆಡಲನ್ನು ಮಾರಿದರೆ ಅರ್ಧ ದುಡ್ಡು ಬರಬಹುದು. ಆದರೂ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಹಲಗೆ ಮಾಡಿ ನೋಡಿ. ಟ್ಯಾಪ್ ಹಿಡಿಯಲು ಕಲಿತರೆ ಅವಳಿಗೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಇಂಥ ಹಲಗೆ ನಾನು ಆಗಲೇ ಮಾಡಿದ್ದೇನೆ! ಬೀಳದ ಹಾಗೆ ಹಲಗೆಯನ್ನೂ ಪೆಡಲನ್ನೂ ಸೇರಿಸಿ ಗ್ಯಾಸ್ ಪೈಪಿನ ಹೋಸ್ ಕ್ಲಾಂಪ್ ಬಿಗಿದಿದ್ದೇನೆ. ಕಾಲು ಜಾರದ ಹಾಗೆ ಮೇಲೆ ಬೆಲ್ಟು ಹಾಕಿ ಬಕಲ್ ಕೊಟ್ಟಿದ್ದೇನೆ. ಫೋಟೋ ಕಳಿಸಿದ್ದೇನೆ. ಹೇಗಿದೆ? (ಹಾಸನ)

ಉತ್ತರ: ಫೋಟೋ ನೋಡಿದೆ. ಕ್ಲಾಂಪ್ ಚೆನ್ನಾಗಿದೆ. ಬೆಲ್ಟ್ ಇವತ್ತೇ ಕಿತ್ತು ಹಾಕಿ.

ಕ್ಲಾಂಪಿನಿಂದ ಹಲಗೆ ಪೆಡಲಿಗೆ ಖಾಯಂ ಆಯಿತು, ಸ್ಪ್ರಿಂಗಿಗೆ ಈಗ ಕೆಲಸವಿಲ್ಲ. ಕಾಲು ಬಿಡಿಯಾಗಿ ಇರುವವರೆಗೂ ಅದರಲ್ಲಿ ತೊಂದರೆಯಿಲ್ಲ. ಬಕಲ್ ಹಾಕಿದ ಮೇಲೆ ಲೆಕ್ಕ ಬದಲಾಗುತ್ತದೆ. ಪೆಡಲ್ ಹಲಗೆಯನ್ನು ಬಿಡುವುದಿಲ್ಲ, ಹಲಗೆ ಕಾಲನ್ನು ಬಿಡುವುದಿಲ್ಲ. ನಾಯಿ ಅಡ್ಡ ಬಂದರೆ ಬಗ್ಗಿ ಬಕಲ್ ಬಿಚ್ಚಲು ಸಮಯ ಎಲ್ಲಿದೆ? ಇಟಲಿಯ ಚಿನೆಲ್ಲಿ ಕಂಪನಿ 1970ರ ದಶಕದ ಆರಂಭದಲ್ಲಿ ಎಂ71 ಅಂತ ಒಂದು ಪೆಡಲ್ ತಂದಿತ್ತು. ಶೂವನ್ನು ಭದ್ರವಾಗಿ ಹಿಡಿಯುತ್ತಿತ್ತು, ಬಿಡಿಸಲು ಮಾತ್ರ ಕೆಳಗೆ ಬಗ್ಗಿ ಕೈಯಿಂದ ಸನ್ನೆಕೋಲು ಎಳೆಯಬೇಕಿತ್ತು. ಸವಾರರು ಅದಕ್ಕೆ ಸಾವಿನ ಪೆಡಲ್ ಅಂತ ಅಡ್ಡಹೆಸರಿಟ್ಟರು, ಅದು ಹೆಚ್ಚು ದಿನ ಬಾಳಲಿಲ್ಲ. ಕೈ ಹಾಕದೆ, ಹಿಮ್ಮಡಿ ತಿರುಗಿಸಿದರೆ ಸಾಕು ಬಿಡುವಂತೆ ಮಾಡಿದ್ದರಿಂದಲೇ ಲುಕ್ ಪೆಡಲ್ ಗೆದ್ದದ್ದು. ಹಲಗೆ ಪೆಡಲಿಗೆ ಎಷ್ಟು ಬೇಕಾದರೂ ಅಂಟಿರಲಿ, ಕಾಲು ಹಲಗೆಗೆ ಅಂಟಬಾರದು.

ಇನ್ನೊಂದು ಸಣ್ಣ ವಿಷಯ. ಕ್ಲಾಂಪಿನ ಸ್ಕ್ರೂ ತಲೆ ಕ್ರ್ಯಾಂಕಿನ ಕಡೆ ಇದೆ. ಅದನ್ನು ಹಲಗೆಯ ಅಡಿಗೆ ತಿರುಗಿಸಿಕೊಳ್ಳಿ. ಉಳಿದ ಪಟ್ಟಿಯನ್ನು ಕತ್ತರಿಸಿ ತುದಿ ಉಜ್ಜಿ, ಇಲ್ಲದಿದ್ದರೆ ಪ್ಯಾಂಟ್ ಹರಿಯುತ್ತದೆ.

ಪ್ರಶ್ನೆ: ನನ್ನ ಪೆಡಲಿನ ಕ್ಲೀಟಿಗೆ ಮೂರು ಬೋಲ್ಟು. ತ್ರಿಕೋನದ ದೊಡ್ಡ ಪ್ಲಾಸ್ಟಿಕ್ ಕ್ಲೀಟು. ಹಲಗೆಗೆ ಬಿಗಿದರೆ ಬಿರುಕು ಬಿಡುತ್ತಿದೆ. ಕ್ಲೀಟ್ ಡೂಪ್ಲಿಕೇಟ್ ಇರಬಹುದಾ? (ದಾವಣಗೆರೆ)

ಉತ್ತರ: ಡೂಪ್ಲಿಕೇಟೇ ಆಗಿರಬೇಕಿಲ್ಲ. ನಿಮ್ಮದು ರೇಸ್ ಸೈಕಲ್ಲಿನ ಪೆಡಲು, ಶಿಮಾನೋ ಎಸ್‌ಪಿಡಿ-ಎಸ್‌ಎಲ್ ಅಥವಾ ಲುಕ್ ಕಿಯೋ ಇರಬೇಕು. ಕ್ಲೀಟನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಶೂ ಮುಟ್ಟುವ ಮೈ ಚಪ್ಪಟೆಯಾಗಿಲ್ಲ, ಮುಂದಿನಿಂದ ಹಿಂದಕ್ಕೆ ಬಾಗಿದೆ. ರೇಸ್ ಶೂ ಅಟ್ಟೆಯ ಬಾಗಿಗೆ ಕೂರಲಿ ಅಂತ ಹಾಗೆ ಮಾಡಿರುತ್ತಾರೆ. ಅದನ್ನು ಚಪ್ಪಟೆ ಹಲಗೆಗೆ ಎಳೆದು ಬಿಗಿದರೆ ಪ್ಲಾಸ್ಟಿಕ್ ಬಾಗಿ ಬಿರುಕು ಬಿಡುತ್ತದೆ. ಬಿರುಕು ಬಿಡದಿದ್ದರೂ ಆಕಾರ ಕೆಟ್ಟು ಪೆಡಲಿಗೆ ಸರಿಯಾಗಿ ಕಚ್ಚುವುದಿಲ್ಲ.

ಇದಕ್ಕೆ ನನಗೆ ಹಿಡಿಸಿದ ದಾರಿ ಹಳೇ ಶೂ. ಮೇಲ್ಭಾಗ ಹರಿದು ಮೂಲೆಗೆ ಬಿದ್ದ ರೇಸ್ ಶೂ ಜೋಡಿ ಸೈಕಲ್ ಓಡಿಸುವ ಸ್ನೇಹಿತರ ಮನೆಯಲ್ಲಿ ಸಿಕ್ಕೇ ಸಿಗುತ್ತದೆ. ಅಳತೆ ಯಾವುದಾದರೂ ಆದೀತು. ಮೇಲಿನ ಚರ್ಮ, ಬಟ್ಟೆ ಎಲ್ಲ ಕತ್ತರಿಸಿ ಬರೀ ಅಟ್ಟೆ ಉಳಿಸಿಕೊಳ್ಳಿ. ಹಿಮ್ಮಡಿ ಕಡೆಯ ಅರ್ಧವನ್ನೂ ಹ್ಯಾಕ್ಸಾದಲ್ಲಿ ಕೊಯ್ದು ಬಿಸಾಡಿ. ಮುಂದಿನ ಅರ್ಧದಲ್ಲಿ ಮೂರು ಬೋಲ್ಟಿಗೆ ಮರೆ ಇರುವ ತೂತು ಇದೆ, ಕ್ಲೀಟಿಗೆ ಬೇಕಾದ ಬಾಗೂ ಇದೆ. ಅದರ ಮೇಲೆ ತೆಳು ಅಲ್ಯೂಮಿನಿಯಂ ಪ್ಲೇಟನ್ನು ನಾಲ್ಕು ಮೂಲೆಗೆ ಬೋಲ್ಟ್ ಹಾಕಿ ಕೂರಿಸಿ. ಕೆಳಗೆ ಒಳಗಡೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಇರಲಿ, ಅಲುಗಾಟಕ್ಕೆ ಸಡಿಲವಾಗುವುದಿಲ್ಲ. ನೈಲಾನ್ ಅಟ್ಟೆಯ ಶೂ ಆರಿಸಿಕೊಳ್ಳಿ. ಕಾರ್ಬನ್ ಅಟ್ಟೆ ಕೊಯ್ದರೆ ಬರುವ ಕಪ್ಪು ಧೂಳು ಕೆಟ್ಟದ್ದು. ಕೊಯ್ಯಲೇಬೇಕಾದರೆ ಮಾಸ್ಕ್ ಹಾಕಿ, ಮನೆಯ ಹೊರಗೆ, ನೀರು ಚಿಮುಕಿಸಿಕೊಂಡು ಕೊಯ್ಯಿರಿ.

ಈ ಪೆಡಲ್ ಒಂದೇ ಮಗ್ಗುಲಲ್ಲಿ ಕಚ್ಚುತ್ತದೆ. ಹಲಗೆ ಹಾಕಿದ ಮೇಲೆ ಮಗುಚುವ ಕಾಟ ಎಸ್‌ಪಿಡಿಗಿಂತ ಜಾಸ್ತಿಯೇ. ದಿನಾ ಬಳಸುವುದಾದರೆ ಪೆಡಲ್ ಬದಲಿಸುವುದೇ ಲೇಸು. ಕೆಲವು ನೂರು ರೂಪಾಯಿಗೆ ಸಾದಾ ಪ್ಲಾಸ್ಟಿಕ್ ಪೆಡಲ್ ಜೋಡಿ ಬರುತ್ತದೆ.

ಪ್ರಶ್ನೆ: ಹಲಗೆ ಯಾಕೆ, ನನ್ನ ಕ್ಯಾನ್ವಾಸ್ ಶೂ ಅಡಿಗೇ ತೂತು ಕೊರೆದು ಎಸ್‌ಪಿಡಿ ಕ್ಲೀಟ್ ಹಾಕಿಬಿಟ್ಟರೆ? ಸೈಕಲ್ ಶೂ ದುಡ್ಡು ಉಳಿಯಿತು ಅಲ್ವಾ? (ಶಿವಮೊಗ್ಗ)

ಉತ್ತರ: ದುಡ್ಡು ಉಳಿಯುತ್ತದೆ, ಕಾಲು ಉಳಿಯುವುದು ಅನುಮಾನ.

ಕ್ಲೀಟ್ ಬಿಡಬೇಕಾದರೆ ನಿಮ್ಮ ಹಿಮ್ಮಡಿಯ ತಿರುಚು ಪೂರ್ತಿಯಾಗಿ ಕ್ಲೀಟಿಗೆ ತಲುಪಬೇಕು. ಸೈಕಲ್ ಶೂ ಅಟ್ಟೆ ಮರದಷ್ಟು ಗಟ್ಟಿ, ಹಾಗಾಗಿ ತಲುಪುತ್ತದೆ. ಕ್ಯಾನ್ವಾಸ್ ಶೂ ರಬ್ಬರ್ ಅಟ್ಟೆಯದು. ನೀವು ಹಿಮ್ಮಡಿ ತಿರುಗಿಸಿದರೆ ರಬ್ಬರ್ ತಿರುಚಿಕೊಂಡು ಸುಮ್ಮನಾಗುತ್ತದೆ, ಕ್ಲೀಟ್ ಕಚ್ಚಿದಂತೇ ಇರುತ್ತದೆ. ಇನ್ನೂ ಜೋರು ಮಾಡಿದರೆ ಕ್ಲೀಟ್ ಅಟ್ಟೆಯಿಂದ ಕಿತ್ತುಬಂದು ಪೆಡಲಿನಲ್ಲೇ ಉಳಿಯುತ್ತದೆ. ಶೂ ಒಳಗೆ ಲೋಹದ ಪಟ್ಟಿ ಇಟ್ಟು ಗಟ್ಟಿ ಮಾಡಿಕೊಳ್ಳುವವರಿದ್ದಾರೆ. ಅಂಗಾಲಿನಡಿ ಬೋಲ್ಟಿನ ತುದಿ ಇಟ್ಟುಕೊಂಡು ಎಷ್ಟು ದೂರ ಹೋಗುತ್ತೀರಿ? ಎಸ್‌ಪಿಡಿ ಹಾಕುವ ಶೂಗಳಲ್ಲಿ ಕ್ಲೀಟ್ ಅಟ್ಟೆಯ ಗುಂಡಿಯೊಳಗೆ ಅಡಗಿರುತ್ತದೆ, ನಡೆದಾಡಲೂ ಬರುತ್ತದೆ. ಹಳೇದಾದರೂ ಪರವಾಗಿಲ್ಲ, ಅದನ್ನೇ ಹುಡುಕಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಜಿಮ್ಮಿನಲ್ಲಿರುವ ಸ್ಪಿನ್ ಬೈಕಿಗೆ ಎಸ್‌ಪಿಡಿ ಪೆಡಲ್ ಇದೆ. ಮಾಮೂಲಿ ಸ್ಪೋರ್ಟ್ಸ್ ಶೂ ಹಾಕಿ ತುಳಿಯಲು ಮನೆಯಲ್ಲೇ ಹಲಗೆ ಮಾಡಿಸಿ ತರಬಹುದೇ? (ವೈಟ್‌ಫೀಲ್ಡ್, ಬೆಂಗಳೂರು)

ಉತ್ತರ: ಮೊದಲು ಪೆಡಲನ್ನು ಮಗುಚಿ ನೋಡಿ ಮೇಡಂ. ಜಿಮ್ಮಿನ ಬೈಕುಗಳಲ್ಲಿ ಒಂದು ಮಗ್ಗುಲು ಎಸ್‌ಪಿಡಿ ಇದ್ದರೆ ಇನ್ನೊಂದು ಮಗ್ಗುಲಲ್ಲಿ ಪಂಜರದಂಥ ಚೌಕಟ್ಟು, ಪಟ್ಟಿ ಇರುವುದೇ ಹೆಚ್ಚು. ಅದರಲ್ಲಿ ಸ್ಪೋರ್ಟ್ಸ್ ಶೂ ತೂರಿಸಿದರೆ ಕೆಲಸ ಮುಗಿಯಿತು.

ಅದಿಲ್ಲದಿದ್ದರೂ ಅಲ್ಲಿಗೆ ಮನೆಯ ಹಲಗೆ ಖಂಡಿತ ಬೇಡ. ರಸ್ತೆಯ ಸೈಕಲ್ಲಿನಲ್ಲಿ ಫ್ರೀವೀಲ್ ಇದೆ, ಕಾಲು ಜಾರಿದರೆ ಪೆಡಲ್ ನಿಲ್ಲುತ್ತದೆ. ಸ್ಪಿನ್ ಬೈಕಿನಲ್ಲಿ ಸಾಮಾನ್ಯವಾಗಿ ಪೆಡಲು ಭಾರದ ಚಕ್ರಕ್ಕೆ ನೇರ ಕಟ್ಟಿಹಾಕಿರುತ್ತದೆ. ನೀವು ನಿಲ್ಲಿಸಿದರೂ ಚಕ್ರ ನಿಲ್ಲುವುದಿಲ್ಲ, ಪೆಡಲ್ ತಿರುಗುತ್ತಲೇ ಇರುತ್ತದೆ. ಆ ವೇಗದಲ್ಲಿ ಕಾಲು ಜಾರಿ, ಅಲ್ಯೂಮಿನಿಯಂ ಹಲಗೆ ಸುತ್ತಿ ಬಂದು ಮೂಳೆಗೆ ಬಡಿದರೆ? ಹಾಗೇನಾದರೂ ಆದರೆ ಎರಡೂ ಕಾಲು ಅಗಲಿಸಿ ದೂರ ಹಿಡಿದು, ಮುಂದಿರುವ ಬಿಗಿತದ ನಾಬನ್ನು ಕೆಳಕ್ಕೆ ಒತ್ತಿ. ಹೆಚ್ಚಿನ ಬೈಕುಗಳಲ್ಲಿ ಅದೇ ಬ್ರೇಕು. ಪಂಜರದ ಪೆಡಲ್ ಹಾಕಿಸಲು ಅಸೋಸಿಯೇಷನ್ನಿಗೆ ಒಂದು ಅರ್ಜಿ ಕೊಡಿ. ನಿಮ್ಮಂಥವರು ಇನ್ನೂ ಹತ್ತು ಜನ ಇರುತ್ತಾರೆ.

ಪ್ರಶ್ನೆ: ಹಲಗಿ ಗಿಲಗಿ ಬ್ಯಾಡ ಅಂತ ಸಾದಾ ಪೆಡಲ್ ತಂದೀನ್ರಿ. ಬಲಗಡೆದು ಬಿಚ್ಚಿತು. ಎಡಗಡೆದು ಜಪ್ಪಯ್ಯ ಅಂದ್ರೂ ಬಿಚ್ಚವಲ್ದು. ಪಾನಾ ಬಾಗಿತು. ಏನ್ ಮಾಡ್ಲಿ? (ಹಳೇ ಹುಬ್ಬಳ್ಳಿ)

ಉತ್ತರ: ಪಾನಾ ಪಕ್ಕಕ್ಕಿಡಿ, ಇನ್ನೂ ಬಿಗಿಯಬೇಡಿ. ಬಿಗಿಯುತ್ತಿದ್ದೀರಿ ಅಂತಲೇ ಹೇಳುತ್ತಿದ್ದೇನೆ. ಎಡ ಪೆಡಲಿನ ಮರೆ ಉಲ್ಟಾ. ಬಲಗಡೆ ಬಿಚ್ಚಿದ ದಿಕ್ಕಿಗೇ ಎಡಗಡೆ ತಿರುಗಿಸಿದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ.

ಎಡ ಬಲ ಗೊಂದಲ ಬೇಡ ಅಂದರೆ ಒಂದು ಸುಲಭ ಲೆಕ್ಕ. ಪಾನಾವನ್ನು ಪೆಡಲಿನ ಅಚ್ಚಿಗೆ ಸಿಕ್ಕಿಸಿ ನೇರ ಮೇಲಕ್ಕೆ ನಿಲ್ಲಿಸಿ. ಅದರ ತುದಿಯನ್ನು ಹಿಂದಿನ ಚಕ್ರದ ಕಡೆ ತಳ್ಳಿದರೆ ಬಿಚ್ಚುತ್ತದೆ, ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಗಿಯುತ್ತದೆ. ಎರಡೂ ಕಡೆಗೆ ಇದೇ ಲೆಕ್ಕ. ಒಳಗಿನಿಂದ ಅಲನ್ ಕೀ ಹಾಕುವ ಪೆಡಲಿಗೂ ಇದೇ. ಈಗಾಗಲೇ ಬಿಗಿದುಬಿಟ್ಟಿರುವುದರಿಂದ ಮರೆಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ನೆ ಬಿಡಿ. ಬಾಗಿದ ಪಾನಾ ಬೇಡ, 15 ಎಂಎಂನ ಉದ್ದ ಹಿಡಿಯ ಪೆಡಲ್ ಸ್ಪ್ಯಾನರ್ ಬಾಡಿಗೆಗೋ ಎರವಲಿಗೋ ತನ್ನಿ. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಯಾರಾದರೂ ಹಿಡಿದುಕೊಳ್ಳಲಿ. ಚೈನನ್ನು ದೊಡ್ಡ ಹಲ್ಲುಚಕ್ರದ ಮೇಲೆ ಏರಿಸಿಟ್ಟರೆ ಕೈ ಜಾರಿದಾಗ ಬೆರಳು ಹಲ್ಲಿಗೆ ಸಿಗುವುದಿಲ್ಲ.

ಹೊಸದನ್ನು ಹಾಕುವಾಗ ಅಚ್ಚಿನ ತುದಿಯಲ್ಲಿ ಎಲ್, ಆರ್ ಅಂತ ಕೊರೆದಿರುತ್ತಾರೆ, ನೋಡಿಕೊಳ್ಳಿ. ಮರೆಗೆ ಗ್ರೀಸ್ ಹಚ್ಚಿ, ಮೊದಲ ಕೆಲವು ಸುತ್ತು ಬೆರಳಿನಲ್ಲೇ ತಿರುಗಿಸಿ. ಬೆರಳಿಗೆ ಬಾರದಿದ್ದರೆ ಮರೆ ಅಡ್ಡ ಹತ್ತಿದೆ ಅಂತ ಅರ್ಥ. ಅಲ್ಯೂಮಿನಿಯಂ ಕ್ರ್ಯಾಂಕಿನ ಮರೆ ಕೆಟ್ಟರೆ ಪೆಡಲಿಗಿಂತ ಜಾಸ್ತಿ ಖರ್ಚು. ಗೇರ್ ಸೈಕಲ್ಲುಗಳಲ್ಲಿ ಈ ಮರೆ 9/16 ಇಂಚು. ಕ್ರ್ಯಾಂಕು, ಅಚ್ಚು ಒಂದೇ ತುಂಡಾಗಿರುವ ಮಕ್ಕಳ ಸೈಕಲ್ಲುಗಳಲ್ಲಿ 1/2 ಇಂಚು ಬರುತ್ತದೆ. ಅದರ ಪೆಡಲು ಇದಕ್ಕಾಗುವುದಿಲ್ಲ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ಜಿಲ್ಲಾ ಮಟ್ಟದ ಸೈಕಲ್ ರೇಸಿಗೆ ತಯಾರಿ ನಡೆಸಿದ್ದೇನೆ. ಕ್ಲೀಟ್ ಶೂ ಕೊಳ್ಳುವ ಶಕ್ತಿ ಇಲ್ಲ. ಸಾದಾ ಪೆಡಲಿನಲ್ಲಿ ತಯಾರಿ ಮಾಡಿದರೆ ಹಿಂದೆ ಬೀಳುತ್ತೇನೆಯೇ? (ಜಮಖಂಡಿ)

ಉತ್ತರ: ನಿಮ್ಮ ಬಾಗಲಕೋಟೆ, ವಿಜಯಪುರ ಸೀಮೆ ಸೈಕಲಿಗರ ತವರು. ನಿಮ್ಮ ಸುತ್ತಲಿನ ಹಿರಿಯ ಸವಾರರನ್ನೇ ಕೇಳಿ ನೋಡಿ, ಎಷ್ಟು ಜನ ಸಾದಾ ಸೈಕಲ್ಲಿನಿಂದ ಶುರು ಮಾಡಿದವರು ಅಂತ.

ಕ್ಲೀಟ್ ಇದ್ದರೆ ಪೆಡಲನ್ನು ಮೇಲಕ್ಕೂ ಎಳೆಯಬಹುದು, ಹಾಗಾಗಿ ಎರಡರಷ್ಟು ಬಲ ಅಂತ ಹೇಳುವವರಿದ್ದಾರೆ. ಅದನ್ನು ಪೂರ್ತಿ ನಂಬಬೇಡಿ. ನುರಿತ ಸವಾರರ ಬಲವೂ ಬಹುಪಾಲು ಕೆಳಕ್ಕೆ ತುಳಿಯುವುದರಲ್ಲೇ ಇರುತ್ತದೆ. ಕ್ಲೀಟ್ ನಿಜವಾಗಿ ಕೊಡುವುದು ಬೇರೆ. ಪಾದ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುತ್ತದೆ, ಕಾಲು ಜೋರಾಗಿ ತಿರುಗುವಾಗ, ಕೊನೆಯ ಓಟದಲ್ಲಿ ಎದ್ದು ನಿಂತಾಗ ಜಾರುವುದಿಲ್ಲ. ಈಗಿನ ಮಟ್ಟಿಗೆ ಗಟ್ಟಿ ಅಟ್ಟೆಯ ಶೂ, ಮುಳ್ಳಿರುವ ಅಗಲ ಪೆಡಲು ಸಾಕು. ಬೆರಳುಗಳ ಬುಡ ಪೆಡಲಿನ ಅಚ್ಚಿನ ಮೇಲೆ ಬರುವಂತೆ ಕಾಲಿಡುವುದನ್ನು ಅಭ್ಯಾಸ ಮಾಡಿ. ಸಂಘದ ಯಾರಾದರೂ ಹಳೇ ಕ್ಲೀಟ್ ಪೆಡಲ್, ಶೂ ಕೊಟ್ಟರೆ ತಗೊಳ್ಳಿ. ರೇಸಿಗೆ ಹೋಗುವ ಮುಂಚೆ ಖಾಲಿ ಮೈದಾನದಲ್ಲಿ ಹಾಕುವುದು, ಬಿಡಿಸುವುದು ಕಲಿಯಿರಿ. ಮೇಲೆ ಬರೆದ ಹಲಗೆಯ ತಂಟೆಗೆ ಮಾತ್ರ ಹೋಗಬೇಡಿ, ಅದು ರೇಸಿನ ಸಾಮಾನಲ್ಲ.

ಪ್ರಶ್ನೆ: ನಮ್ಮ ಕಡೆಯ ಮಳೆ, ಬೆವರಿಗೆ ಶೂ ಹಾಕಲು ಮನಸ್ಸೇ ಬರುವುದಿಲ್ಲ. 200 ಕಿಲೋಮೀಟರ್ ಬ್ರೆವೆಗೆ ಹೆಸರು ಕೊಟ್ಟಿದ್ದೇನೆ. ಎಸ್‌ಪಿಡಿ ಮೇಲೆ ಹಲಗೆ ಹಾಕಿ ಸ್ಯಾಂಡಲ್ಲಿನಲ್ಲೇ ಹೋಗಲೇ? (ಮಂಗಳೂರು)

ಉತ್ತರ: ಬ್ರೆವೆ ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ರೇಸಲ್ಲ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಸಮಯ ಕೊಡುತ್ತಾರೆ. ಅಷ್ಟು ಹೊತ್ತು ಮಗುಚುವ ಹಲಗೆಯ ಜೊತೆ ಜಗಳ ಯಾಕೆ? ಎಸ್‌ಪಿಡಿ ಕ್ಲೀಟ್ ಹಾಕುವ ಸ್ಯಾಂಡಲ್ಲನ್ನೇ ಶಿಮಾನೋ ಮಾಡಿದೆ. ಅಟ್ಟೆ ಗಟ್ಟಿ, ಮೇಲೆ ಪಟ್ಟಿ, ಒದ್ದೆಯಾದರೂ ಬೇಗ ಒಣಗುತ್ತದೆ. ದೂರ ಓಡಿಸುವವರಲ್ಲಿ ಅದಕ್ಕೆ ಅಭಿಮಾನಿಗಳಿದ್ದಾರೆ. ಸಿಗದಿದ್ದರೆ ಪೆಡಲನ್ನೇ ಬದಲಿಸಿ, ಅಗಲದ ಚಪ್ಪಟೆ ಪೆಡಲಿನಲ್ಲಿ ನಿಮ್ಮ ಸ್ಯಾಂಡಲ್ ಹಾಕಿಕೊಂಡೇ ಹೋಗಿ, ಬ್ರೆವೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಆಗಿರಲಿ. ಪಟ್ಟಿ ಉಜ್ಜುವ ಜಾಗಕ್ಕೆ ಹೊರಡುವ ಮುಂಚೆಯೇ ವ್ಯಾಸಲೀನ್ ಹಚ್ಚಿ. ಕ್ಲೀಟ್ ಬಳಸುವುದಾದರೆ ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ಹಾಕಿ, ಕರಾವಳಿಯ ಉಪ್ಪುಗಾಳಿಗೆ ಅವು ಬೇಗ ತುಕ್ಕು ಹಿಡಿಯುತ್ತವೆ. ಅಲನ್ ಕೀ ಕೂರುವ ಗುಂಡಿಯೊಳಗೆ ಮಣ್ಣು ತುಂಬದ ಹಾಗೆ ಒಂದು ಚಿಟಿಕೆ ಮೇಣ ಒತ್ತಿಡಿ, ಬಿಚ್ಚುವಾಗ ಸೂಜಿಯಿಂದ ತೆಗೆದರಾಯಿತು.